ಕಿಡಿ ಸೋರಿದ ಜಾಗ

ಬಾಗೂರು ರಸ್ತೆಯ ಶೆಡ್ಡಿಗೆ ನನ್ನ ಜೀಪನ್ನು
ನೂಕಿಕೊಂಡು ಬಂದವರು ಮೂವರು:
ನಾನು, ಕಬ್ಬಿನಹಾಲಿನವನು,
ಹೆಸರು ಹೇಳದೆ ಹೊರಟುಹೋದ ಒಬ್ಬ ಕಂಡಕ್ಟರು.
ಹಿಂದೆ ಎರಡು ಹಾರ್ನು, ಆಂಪ್ಲಿಫೈಯರು, ವೈರಿನ ಸುರುಳಿ.
ಬೆಳಿಗ್ಗೆ ಆರಕ್ಕೆ ನುಗ್ಗೇಹಳ್ಳಿಯಲ್ಲಿ ಮದುವೆ.
ಊರಿಗೆಲ್ಲ ಕೂಗಿ ಹೇಳುವ ಗಾಡಿ
ತನಗೇನಾಗಿದೆಯೆಂದು ಹೇಳಲಾರದು.

ಮೊಗಣ್ಣಾಚಾರ್ರು ಬಾನೆಟ್ ಎತ್ತಲಿಲ್ಲ. ನನ್ನನ್ನೇ ಕೇಳಿದರು:
"ಕೆಮ್ಕಂಡು ಕೆಮ್ಕಂಡು ನಿಂತ್ಕತೋ,
ದೀಪ ಉಫ್ ಅಂದಂಗೆ ನಿಂತ್ಕತೋ?"
ದೀಪದ ಹಾಗೆ, ಅಂದೆ.
"ಹಂಗಾರೆ ಪೆಟ್ರೋಲಲ್ಲ ಕಣವ್ವ.
ಪೆಟ್ರೋಲು ಹೇಳಿ ಹೋಯ್ತದೆ, ಕರೆಂಟು ಹೇಳ್ದೆ ಹೋಯ್ತದೆ."

ಪ್ಲಗ್ ಬಿಚ್ಚಿ, ವೈರು ಸಿಕ್ಕಿಸಿ,
ಎಂಜಿನ್ನಿನ ಮೈಗೆ ತಾಗಿಸಿ ಹಿಡಿದರು.
ತಬ್ರೇಜ್ ಮುಂದಿನಿಂದ ಹ್ಯಾಂಡಲ್ ತಿರುವಿದ.
ಒಂದು ಹಳದಿ ಚುಕ್ಕೆ, ಸೋಮಾರಿ,
ಆಮೇಲೆ ಅದೂ ಇಲ್ಲ.
ನೀಲಿ ಇರಬೇಕಿತ್ತಂತೆ. ಚಟ್ ಅನ್ನಬೇಕಿತ್ತಂತೆ.

ಪಾಯಿಂಟನ್ನು ಉಪ್ಪುಕಾಗದದಲ್ಲಿ ತಿಕ್ಕಿದರು.
ಸಂದು ಅಳೆಯುವ ಗೇಜು ಕಳೆದು ಮೂರು ವರ್ಷ.
"ಲಗ್ನಪತ್ರಿಕೆ ಅದಾ?"
ಮೈಕಿನವಳ ಗಾಡಿಯಲ್ಲಿ ಅದಕ್ಕೇನು ಬರ,
ನಾಳಿನ ಮದುವೆಯದನ್ನೇ ಕೊಟ್ಟೆ.
ಎರಡು ಲೋಹದ ತುಟಿಗಳ ನಡುವೆ
ಯೋಗಾನಂದನ ಹೆಸರಿರುವ ಮೂಲೆ
ಬಿಗಿಯಾಗಿ ಹೋಯಿತು, ಹರಿಯದೆ ಬಂತು.
ಸಂದು ಸರಿ. ಕಿಡಿ ಇಲ್ಲ.

ಕಾಯಿಲನ್ನು ಜ್ವರ ನೋಡುವಂತೆ ಮುಟ್ಟಿದರು.
ಬೇರೆ ಕಂಡೆನ್ಸರ್ ಹಾಕಿ ನೋಡಿ, ಬೈದು,
ಹಳೆಯದನ್ನೇ ವಾಪಸು ಕೂರಿಸಿದರು.

ಆಮೇಲೆ ಗೂಡಿನಿಂದ ಟ್ರಾನ್ಸಿಸ್ಟರ್ ತೆಗೆದು
ಬೆಂಗಳೂರಿಗೂ ಭದ್ರಾವತಿಗೂ ಸೇರದ
ಗೊರಗೊರದ ಜಾಗಕ್ಕೆ ಮುಳ್ಳು ತಿರುಗಿಸಿ
ಎಂಜಿನ್ನಿನ ಪಕ್ಕ ಇಟ್ಟರು. ತಬ್ರೇಜ್ ತಿರುವಿದ.
ಟಿಕ್. ಟಿಕ್. ಟಿಕ್. ಟಿಕ್.
ಇಪ್ಪತ್ತು ವರ್ಷ ನನ್ನ ಮೈಕಿನಿಂದ
ಓಡಿಸಲು ಹೆಣಗಿದ್ದು ಇದೇ ಸದ್ದನ್ನು.
ಆಚಾರ್ರು ಕಣ್ಣು ಮುಚ್ಚಿ ಕೇಳಿದರು.
"ಹುಟ್ತಾ ಅದೆ. ಮನೆ ಸೇರ್ತಾ ಇಲ್ಲ.
ದಾರೀಲಿ ಎಲ್ಲೋ ಇಳ್ಕತಾ ಅದೆ."

ಕತ್ತಲಾಗಲಿ ಎಂದರು. ಟೀ ಕುಡಿದೆವು.
"ನಮ್ಮಪ್ಪನ ಕುಲುಮೇಲಿ ಬ್ಯಾಡ ಅಂದ್ರೂ ಕಿಡಿ ಹಾರೋದು,
ಪಂಚೆ ತುಂಬ ತೂತು.
ನಂಗೆ ನೋಡು, ಒಂದಕ್ಕೆ ಇಷ್ಟು ಪರದಾಟ."

ಏಳೂವರೆಗೆ ಬಲ್ಬು ಆರಿಸಿ
ಬೀದಿದೀಪಕ್ಕೆ ಗೋಣಿತಾಟು ಅಡ್ಡ ಕಟ್ಟಿ, ತಿರುವು ಅಂದರು.
ಡಿಸ್ಟ್ರಿಬ್ಯೂಟರಿನ ಕರಿ ಟೋಪಿಯ ಮೇಲೆ,
ಅದೇ, ಹಗಲಲ್ಲಿ ಹತ್ತು ಸಲ ಒರೆಸಿದ ಟೋಪಿ,
ನಡುಗುಬುಟಿನಿಂದ ಅಂಚಿನ ಕ್ಲಿಪ್ಪಿನವರೆಗೆ
ಒಂದು ನೀಲಿ ಎಳೆ
ಹರಿದು, ಆರಿ,
ಅದೇ ದಾರಿ ಹಿಡಿದು ಮತ್ತೆ ಹರಿದು.
ಯಾರೂ ಮಾತಾಡಲಿಲ್ಲ.
ಸಾಕು ಅನ್ನುವವರಿಲ್ಲದೆ ತಬ್ರೇಜ್ ತಿರುವುತ್ತಲೇ ಇದ್ದ.

ಹೊಸ ಟೋಪಿಗೆ ಹಾಸನಕ್ಕೆ ಹೋಗಬೇಕು,
ಅಲ್ಲೂ ಸಿಗುವುದು ಅನುಮಾನ.
ಬ್ಲೇಡಿನಿಂದ ಬಿರುಕಿನ ಮಸಿ ಕೆರೆದು
ಹುಡುಗನನ್ನು ಬಳೆ ಅಂಗಡಿಗೆ ಓಡಿಸಿದರು.
ಬಂತು ಉಗುರುಬಣ್ಣ, ಕಡುಗೆಂಪು. ಎರಡು ಕೋಟು.
ಆರುವ ತನಕ ಟೋಪಿಯನ್ನು ಬೆರಳ ತುದಿಯಲ್ಲಿ ಹಿಡಿದು
ಮೀಸೆಯ ಕೆಳಗಿಂದ ಊದುತ್ತ ಕೂತರು.
ವೈರು ಸಿಕ್ಕಿಸುವಾಗ ಮಗ್ಗಿಯಂತೆ ಹೇಳಿಕೊಂಡರು:
ಒಂದು, ಮೂರು, ನಾಲ್ಕು, ಎರಡು.

ಹತ್ತಿಕೊಂಡಿತು.
ಎಷ್ಟು ದಿನ ಬರುತ್ತೆ, ಕೇಳಿದೆ.
"ಬಣ್ಣ ಇರೋಗಂಟ."
ಲಗ್ನಪತ್ರಿಕೆ ವಾಪಸು ಕೊಟ್ಟರು,
ಯೋಗಾನಂದನ ಮೇಲೆ ಗ್ರೀಸು.

ಈಗಲೂ ಕೆಲವು ರಾತ್ರಿ, ಹಾರ್ನು ಬಿಚ್ಚಿಟ್ಟ ಮೇಲೆ,
ಎಂಜಿನ್ ಓಡಲು ಬಿಟ್ಟು, ಬಾನೆಟ್ ಎತ್ತಿ,
ಟಾರ್ಚು ಆರಿಸಿ ನೋಡುತ್ತೇನೆ.
ಏನೂ ಕಾಣುವುದಿಲ್ಲ.
ಕಾಣಬಾರದು ಕೂಡ.
ಇನ್ನೂ ಸ್ವಲ್ಪ ಹೊತ್ತು ನಿಂತಿರುತ್ತೇನೆ.